ನಾಲ್ಕು ಅವಕಾಶ, 134 ದಿನ: ಸ್ವೀಡನ್ನಿನ ಒಬ್ಬ ಸಭಾಧ್ಯಕ್ಷರ ಪ್ರಕರಣ

2018ರ ನವೆಂಬರ್ 14ರಂದು ಸ್ಟಾಕ್‌ಹೋಮಿನ ಸಂಸತ್ತಿನಲ್ಲಿ ಸಭಾಧ್ಯಕ್ಷರೊಬ್ಬರು ಪ್ರಧಾನಿ ಹುದ್ದೆಗೆ ಒಂದು ಹೆಸರು ಸೂಚಿಸಿ ಮತಕ್ಕೆ ಹಾಕಿದರು. ಆ ಹೆಸರು ಸೋಲುವುದು ಅಂದು ಬೆಳಿಗ್ಗೆಯೇ ಬಹುಮಟ್ಟಿಗೆ ಖಚಿತವಾಗಿತ್ತು. ಸೂಚಿತರಾದವರು ಸಭಾಧ್ಯಕ್ಷರು ಬೆಳೆದುಬಂದ ಪಕ್ಷದ ನಾಯಕರೇ ಆಗಿದ್ದರು. ಪರವಾಗಿ 154, ವಿರುದ್ಧವಾಗಿ 195 ಮತಗಳು ಬಿದ್ದವು. ಸಭಾಧ್ಯಕ್ಷರು ಸೂಚಿಸಿದ ಹೆಸರನ್ನು ಸ್ವೀಡನ್ನಿನ ಸಂಸತ್ತು ತಿರಸ್ಕರಿಸಿದ್ದು ಅದೇ ಮೊದಲು.

ಸೋಲುತ್ತದೆ ಎಂದು ಗೊತ್ತಿದ್ದೂ ಮತಕ್ಕೆ ಹಾಕಿದ್ದೇಕೆ? ಈ ಅಧ್ಯಯನ ಆ ಪ್ರಶ್ನೆಯ ಸುತ್ತಲೇ ಇದೆ. ನಡೆದದ್ದೆಲ್ಲ ಸಾರ್ವಜನಿಕ ದಾಖಲೆಯಲ್ಲಿದ್ದು, ಹುಡುಕಿದವರಿಗೆ ಹೆಸರುಗಳು ಸುಲಭವಾಗಿ ಸಿಗುತ್ತವೆ. ಆದರೂ ಇಲ್ಲಿ ಯಾವ ವ್ಯಕ್ತಿಯ ಹೆಸರನ್ನೂ ಬರೆಯುವುದಿಲ್ಲ. ಹೆಸರು ಕಂಡ ಕೂಡಲೇ ಓದುವವರು ಒಂದು ಪಕ್ಷದ ಕಡೆ ವಾಲುತ್ತಾರೆ, ಮತ್ತೆ ತೀರ್ಮಾನಗಳು ಕಣ್ಣಿಗೆ ಬೀಳುವುದಿಲ್ಲ. ನಾನು ತೋರಿಸಬೇಕೆಂದಿರುವುದು ಒಬ್ಬ ಮನುಷ್ಯ ಕೈಯಲ್ಲಿ ಬಹಳ ಕಡಿಮೆ ಅಧಿಕಾರ ಇಟ್ಟುಕೊಂಡು ಯಾವಾಗ ಏನು ತೀರ್ಮಾನಿಸಿದರು ಎಂಬುದನ್ನು.

ಕುರ್ಚಿ, ಮತ್ತು ಅದರಲ್ಲಿ ಕುಳಿತವರು

ಸ್ವೀಡನ್ನಿನ ಸಂಸತ್ತಿಗೆ ರಿಕ್ಸ್‌ಡಾಗ್ ಎಂದು ಹೆಸರು. ಅದರ ಸಭಾಧ್ಯಕ್ಷರನ್ನು ಅಲ್ಲಿನವರು ತಾಲ್ಮನ್ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ತಾಳ್ಮೆಯಂತೆ ಕೇಳಿಸುತ್ತದೆ. ಪದಗಳ ನಡುವೆ ಯಾವ ನಂಟೂ ಇಲ್ಲದಿದ್ದರೂ ಈ ಪ್ರಕರಣವನ್ನು ಓದುವಾಗ ನನಗೆ ಆ ಹೋಲಿಕೆ ಮರೆಯಲಾಗಲಿಲ್ಲ.

ಮೊದಲು ಅಲ್ಲಿ ಸರ್ಕಾರ ರಚನೆಗೆ ಆಹ್ವಾನ ಕೊಡುತ್ತಿದ್ದವರು ದೊರೆ. 1975ರ ಜನವರಿ 1ರಂದು ಜಾರಿಗೆ ಬಂದ ಹೊಸ ಸಂವಿಧಾನ ಆ ಕೆಲಸವನ್ನು ಅರಮನೆಯಿಂದ ತೆಗೆದು ಸಭಾಧ್ಯಕ್ಷರಿಗೆ ವಹಿಸಿತು. ದೊರೆ ಇಂದಿಗೂ ರಾಷ್ಟ್ರದ ಮುಖ್ಯಸ್ಥರು, ಆದರೆ ಯಾರು ಪ್ರಧಾನಿಯಾಗಬೇಕು ಎಂಬ ಮಾತಿನಲ್ಲಿ ಅವರಿಗೆ ಪಾತ್ರವಿಲ್ಲ. ಚುನಾವಣೆಯ ನಂತರ ಸಭಾಧ್ಯಕ್ಷರು ಎಲ್ಲ ಪಕ್ಷಗಳ ಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಕರೆಸಿ ಮಾತನಾಡುತ್ತಾರೆ, ಉಪಸಭಾಧ್ಯಕ್ಷರೊಂದಿಗೆ ಸಮಾಲೋಚಿಸುತ್ತಾರೆ, ಆಮೇಲೆ ಒಂದು ಹೆಸರನ್ನು ಸದನದ ಮುಂದಿಡುತ್ತಾರೆ. ನಾಲ್ಕು ದಿನಗಳೊಳಗೆ ಮತದಾನ ಆಗಬೇಕು.

ಆ ಮತದಾನದ ನಿಯಮ ನಮ್ಮವರಿಗೆ ವಿಚಿತ್ರವಾಗಿ ಕಾಣಬಹುದು. ಪ್ರಧಾನಿಯಾಗಲು ಬಹುಮತ ಬೇಕಿಲ್ಲ, ಬಹುಮತ ವಿರುದ್ಧವಾಗಿ ಇರದಿದ್ದರೆ ಸಾಕು. 349 ಸದಸ್ಯರ ಸದನದಲ್ಲಿ 175 ಮಂದಿ ‘ಬೇಡ’ ಎನ್ನದಿದ್ದರೆ ಸೂಚಿತರಾದವರು ಪ್ರಧಾನಿ. 1978ರಲ್ಲಿ ಒಂದು ಸಣ್ಣ ಪಕ್ಷದ ನಾಯಕರು ಕೇವಲ 39 ಮತ ಪಡೆದು ಪ್ರಧಾನಿಯಾದರು. ವಿರೋಧಿಸಿದವರು 66 ಮಂದಿ, ತಟಸ್ಥರಾಗಿ ಉಳಿದವರು 215. ಅಂದರೆ ಅಲ್ಲಿ ತಟಸ್ಥವಾಗಿರುವುದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ. ‘ನಿಮ್ಮನ್ನು ಮೆಚ್ಚಿಲ್ಲ, ಆದರೆ ತಡೆಯುವುದೂ ಇಲ್ಲ’ ಎಂದು ದಾಖಲೆಗೆ ಸೇರುವಂತೆ ಹೇಳುವ ರೀತಿ ಅದು. (349 ಎಂಬ ಬೆಸ ಸಂಖ್ಯೆಯ ಹಿಂದೆಯೂ ಒಂದು ಕತೆ ಇದೆ. 1973ರ ಚುನಾವಣೆಯಲ್ಲಿ 350 ಸ್ಥಾನಗಳು ಎರಡೂ ಕಡೆಗೆ ಸಮವಾಗಿ 175ರಂತೆ ಹಂಚಿಹೋಗಿ, ಮತ ಸಮವಾದಾಗಲೆಲ್ಲ ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. ಮುಂದಿನ ಚುನಾವಣೆಯ ಹೊತ್ತಿಗೆ ಒಂದು ಸ್ಥಾನ ಕಡಿಮೆ ಮಾಡಿದರು.)

ಇನ್ನೊಂದು ನಿಯಮ ಇದೆ, ಈ ಪ್ರಕರಣ ಪೂರ್ತಿ ಅದರ ಮೇಲೆ ನಿಂತಿದೆ. ಸಭಾಧ್ಯಕ್ಷರು ಇಡುವ ಸೂಚನೆಯನ್ನು ಸದನ ನಾಲ್ಕು ಸಲ ತಿರಸ್ಕರಿಸಿದರೆ ಮೂರು ತಿಂಗಳೊಳಗೆ ವಿಶೇಷ ಚುನಾವಣೆ ನಡೆಯಬೇಕು. ಆ ಚುನಾವಣೆ ಗೆದ್ದವರಿಗೆ ಹೊಸ ನಾಲ್ಕು ವರ್ಷಗಳೂ ಸಿಗುವುದಿಲ್ಲ. ಮಾಮೂಲಿ ಚುನಾವಣೆ ಅದರ ನಿಗದಿತ ಸೆಪ್ಟೆಂಬರಿನಲ್ಲಿಯೇ ಬರುತ್ತದೆ. 2018ರವರೆಗೆ ಈ ನಾಲ್ಕರ ಎಣಿಕೆ ಒಂದಕ್ಕೂ ಏರಿರಲಿಲ್ಲ.

ಇನ್ನು ಕುರ್ಚಿಯಲ್ಲಿ ಕುಳಿತವರ ವಿಷಯ. ಅವರು ಕಾನೂನಿನಲ್ಲಿ ಡಾಕ್ಟರೇಟ್ ಪಡೆದವರು. ಅವರ ಸಂಶೋಧನೆ ಒಪ್ಪಂದಗಳಲ್ಲಿ ಬರುವ ಅನ್ಯಾಯದ ಷರತ್ತುಗಳ ಮೇಲೆ: ಇಬ್ಬರು ಸಹಿ ಹಾಕಿದ ಮೇಲೂ ಯಾವ ಷರತ್ತನ್ನು ನ್ಯಾಯಾಲಯ ತಿದ್ದಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿಷಯ. 2006ರಲ್ಲಿ ಬಲಪಂಥೀಯ ಮಾಡರೇಟ್ ಪಕ್ಷದಿಂದ ಸಂಸತ್ತಿಗೆ ಬಂದರು. 2014ರಿಂದ 2018ರವರೆಗೆ ಸಂವಿಧಾನ ಸಮಿತಿಯ ಅಧ್ಯಕ್ಷರಾಗಿದ್ದರು. ಮಂತ್ರಿಗಳ ನಡೆ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ವಿಚಾರಣೆ ನಡೆಸುವ ಸಮಿತಿ ಅದು. ಆ ನಾಲ್ಕು ವರ್ಷಗಳಲ್ಲಿ ಅವರ ಮಾತಿಗೆ ಬೆಲೆ ಬಂದದ್ದು ಭಾಷಣದಿಂದಲ್ಲ, ಕಲಮುಗಳನ್ನು ಸರಿಯಾಗಿ ಓದುವುದರಿಂದ. ಈ ತರಬೇತಿ ಮುಂದೆ ಹೇಗೆ ಕೆಲಸಕ್ಕೆ ಬಂತು ಎಂಬುದನ್ನು ನೋಡದೆ ಅವರ ವೃತ್ತಿಜೀವನ ಅರ್ಥವಾಗುವುದಿಲ್ಲ.

2018ರ ಸೆಪ್ಟೆಂಬರ್ 24ರಂದು 203 ಮತ ಪಡೆದು ಅವರು ಸಭಾಧ್ಯಕ್ಷರಾದರು. ಎದುರಾಳಿಗೆ 145 ಮತ ಬಂತು. ಸ್ವೀಡನ್ನಿನಲ್ಲಿ ಸಭಾಧ್ಯಕ್ಷರಾದವರು ಮತ ಹಾಕುವಂತಿಲ್ಲ. ಅವರ ಸದಸ್ಯತ್ವದ ಕೆಲಸವನ್ನು ಬದಲಿ ಸದಸ್ಯರೊಬ್ಬರು ಮಾಡುತ್ತಾರೆ. ಅಂದಿನಿಂದ ಅವರ ಪಕ್ಷಕ್ಕೆ ಅವರ ಮತ ಇಲ್ಲ.

ಕಗ್ಗಂಟು

ಸೆಪ್ಟೆಂಬರ್ 9ರ ಚುನಾವಣೆಯಲ್ಲಿ ಎಡ ಒಲವಿನ ಮೂರು ಪಕ್ಷಗಳಿಗೆ (ಸೋಷಿಯಲ್ ಡೆಮಾಕ್ರಟ್, ಗ್ರೀನ್ ಮತ್ತು ‘ಎಡಪಕ್ಷ’ ಎಂಬ ಹೆಸರಿನದೇ ಪಕ್ಷ) ಒಟ್ಟು 144 ಸ್ಥಾನ ಬಂತು. ಮಾಡರೇಟ್, ಸೆಂಟರ್, ಲಿಬರಲ್ ಮತ್ತು ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷಗಳು 2004ರಿಂದ ಕಟ್ಟಿಕೊಂಡಿದ್ದ ಮೈತ್ರಿಕೂಟಕ್ಕೆ 143. ವಲಸೆ ವಿರೋಧಿ ಸ್ವೀಡನ್ ಡೆಮಾಕ್ರಟ್ ಪಕ್ಷಕ್ಕೆ 62.

ಲೆಕ್ಕ ಮಾತ್ರ ನೋಡಿದರೆ ಬಗೆಹರಿಯುವ ಅತಂತ್ರ ಇದು. ಮಾತು ಕೊಟ್ಟದ್ದನ್ನು ಸೇರಿಸಿ ನೋಡಿದರೆ ಬಗೆಹರಿಯದು. ಸ್ವೀಡನ್ ಡೆಮಾಕ್ರಟರ ಬೆಂಬಲದ ಮೇಲೆ ನಿಂತ ಸರ್ಕಾರವನ್ನು ಒಪ್ಪುವುದಿಲ್ಲ ಎಂದು ಸೆಂಟರ್ ಮತ್ತು ಲಿಬರಲ್ ಪಕ್ಷಗಳು ಮತದಾರರಿಗೆ ಹೇಳಿದ್ದವು. ಆಗಿನ ಸೋಷಿಯಲ್ ಡೆಮಾಕ್ರಟ್ ಪ್ರಧಾನಿಯನ್ನು ಇಳಿಸುತ್ತೇವೆ ಎಂದೂ ಅವೇ ಪಕ್ಷಗಳು ಹೇಳಿದ್ದವು. ಎರಡೂ ಮಾತನ್ನು ಒಟ್ಟಿಗೆ ಉಳಿಸಿಕೊಳ್ಳಲು 349ರ ಸದನದಲ್ಲಿ ಜಾಗವಿರಲಿಲ್ಲ. ಯಾವುದಾದರೂ ಒಂದನ್ನು ಮುರಿಯಲೇಬೇಕಿತ್ತು. ಯಾವುದನ್ನು ಎಂದು ಮೊದಲು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸೆಪ್ಟೆಂಬರ್ 25ರಂದು, ಹೊಸ ಸಭಾಧ್ಯಕ್ಷರು ಆಯ್ಕೆಯಾದ ಮರುದಿನವೇ, ಪ್ರಧಾನಿಗೆ ಸದನದ ಬೆಂಬಲ ಇದೆಯೇ ಎಂದು ಚುನಾವಣೆಯ ನಂತರ ಕಡ್ಡಾಯವಾಗಿ ನಡೆಸಬೇಕಾದ ಮತದಾನ ನಡೆಯಿತು. 204 ಮತ ಅವರ ವಿರುದ್ಧ, 142 ಪರ. ಪ್ರಧಾನಿ ಅಧಿಕಾರ ಕಳೆದುಕೊಂಡರು, ಆದರೆ ಹಂಗಾಮಿಯಾಗಿ ಕುರ್ಚಿಯಲ್ಲಿ ಉಳಿದರು.

ನಮ್ಮಲ್ಲಾಗಿದ್ದರೆ ಇಂತಹ ಹೊತ್ತಿನಲ್ಲಿ ಎಲ್ಲರ ಕಣ್ಣು ರಾಜಭವನದ ಕಡೆ ಇರುತ್ತದೆ. ಬಲಾಬಲ ತೀರ್ಮಾನವಾಗಬೇಕಾದ್ದು ಸದನದಲ್ಲಿಯೇ ಎಂದು ಸುಪ್ರೀಂ ಕೋರ್ಟ್ 1994ರ ಬೊಮ್ಮಾಯಿ ಪ್ರಕರಣದಲ್ಲಿ ಹೇಳಿದೆಯಾದರೂ, ನಮ್ಮಲ್ಲಿ ಪ್ರಮಾಣವಚನ ಮೊದಲು, ವಿಶ್ವಾಸಮತ ಆಮೇಲೆ. ಅದೇ 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯೊಬ್ಬರು 17ರಂದು ಪ್ರಮಾಣ ಸ್ವೀಕರಿಸಿ, ಬಹುಮತ ಸಾಬೀತುಪಡಿಸಬೇಕಿದ್ದ 19ರಂದು ರಾಜೀನಾಮೆ ಕೊಟ್ಟದ್ದು ಕನ್ನಡದ ಓದುಗರಿಗೆ ನೆನಪಿರುತ್ತದೆ. ಸ್ವೀಡನ್ನಿನಲ್ಲಿ ಕ್ರಮ ತಿರುಗುಮುರುಗು: ಸದನ ಮೊದಲು ಮತ ಹಾಕುತ್ತದೆ, ಅಧಿಕಾರ ಆಮೇಲೆ.

ಸಭಾಧ್ಯಕ್ಷರ ಕೈಯಲ್ಲಿ ಏನಿತ್ತು? ಖಾತೆ ಹಂಚುವ ಅಧಿಕಾರವಿಲ್ಲ, ಕಾರ್ಯಕ್ರಮ ಬರೆಯುವ ಅಧಿಕಾರವಿಲ್ಲ, ಯಾರಿಗೂ ಆಮಿಷ ಒಡ್ಡಲು ಏನೂ ಇಲ್ಲ. ಯಾರನ್ನು ಮೊದಲು ಕರೆಯಬೇಕು, ಅವರಿಗೆ ಎಷ್ಟು ದಿನ ಕೊಡಬೇಕು, ಯಾವ ದಿನ ಮತಕ್ಕೆ ಹಾಕಬೇಕು, ಇಷ್ಟೇ ಅವರದು. ಸರದಿ ಮತ್ತು ಗಡುವು.

ಮೊದಲ ಆರು ವಾರ: ಕೊಟ್ಟ ಕಾಲ ಕರಗಿದ್ದು

ಅಕ್ಟೋಬರ್ 2ರಂದು ಅವರು ಮಾಡರೇಟ್ ನಾಯಕರಿಗೆ ಸರ್ಕಾರ ರಚನೆಯ ಸಾಧ್ಯತೆ ಹುಡುಕುವ ಹೊಣೆ ಒಪ್ಪಿಸಿದರು. ತಮ್ಮ ಪಕ್ಷದವರಿಗೇ ಮೊದಲ ಮಣೆ ಹಾಕಿದರು ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ನನ್ನ ಓದಿನಲ್ಲಿ ಇದಕ್ಕೆ ಬೇರೆ ಆಯ್ಕೆ ಇರಲಿಲ್ಲ. ಹಿಂದಿನ ವಾರವಷ್ಟೇ 204 ಮಂದಿ ಇಳಿಸಿದ ಪ್ರಧಾನಿಯನ್ನೇ ಮೊದಲು ಕರೆದಿದ್ದರೆ ಸದನದ ತೀರ್ಮಾನವನ್ನು ಅಲ್ಲಗಳೆದಂತಾಗುತ್ತಿತ್ತು. ಅಕ್ಟೋಬರ್ 14ರಂದು ಮಾಡರೇಟ್ ನಾಯಕರು ಆಗಲಿಲ್ಲ ಎಂದು ಹೇಳಿ ಬಂದರು. ಮರುದಿನ ಹಂಗಾಮಿ ಪ್ರಧಾನಿಗೆ ಎರಡು ವಾರ ಸಿಕ್ಕಿತು. 29ರಂದು ಅವರೂ ಬರಿಗೈಯಲ್ಲಿ ಬಂದರು.

ಇಲ್ಲಿಯವರೆಗೆ ನಡೆದದ್ದು ಹಳೆಯ ಸಂಪ್ರದಾಯ. ನಾಯಕರಿಗೆ ಹೊಣೆ ಕೊಡು, ಕಾಯಿ, ಅವರು ಮಾತನಾಡಿಕೊಂಡು ಬರಲಿ. ಹೆಸರು ಗೆಲ್ಲುತ್ತದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಸದನದ ಮುಂದಿಡು. ಹೀಗಾಗಿಯೇ ಅಷ್ಟು ವರ್ಷ ಯಾವ ಸೂಚನೆಯೂ ಬಿದ್ದಿರಲಿಲ್ಲ. ಆದರೆ ಪ್ರತಿಯೊಬ್ಬರೂ ‘ಇನ್ನೊಬ್ಬರು ಬಗ್ಗಲಿ’ ಎಂದು ಕಾಯುವಾಗ ಈ ಸಂಪ್ರದಾಯವೇ ಕಾಯುವವರಿಗೆ ನೆರಳಾಗುತ್ತದೆ. ಮಾತುಕತೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ, ಹೊರಗೆ ಬಂದು ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನಮ್ಮ ಬಾಗಿಲು ತೆರೆದಿದೆ.

ಈ ಆರು ವಾರಗಳ ಬಗ್ಗೆ ನನಗೆ ತಕರಾರಿದೆ. ಗಡುವು ಇದ್ದರೂ ಅದರ ಕೊನೆಯಲ್ಲಿ ಏನೂ ಆಗುತ್ತಿರಲಿಲ್ಲ. ಗಡುವು ಮುಗಿದರೆ ಇನ್ನೊಬ್ಬರಿಗೆ ಇನ್ನೊಂದು ಗಡುವು, ಅಷ್ಟೇ. ಅದನ್ನು ಅವರೂ ಅಕ್ಟೋಬರ್ ಕೊನೆಗೆ ಕಂಡುಕೊಂಡರು ಎಂಬುದಕ್ಕೆ ಅವರ ಮುಂದಿನ ನಡೆಯೇ ಸಾಕ್ಷಿ. ಹೊಣೆಯನ್ನು ಮತ್ತೊಬ್ಬ ನಾಯಕರಿಗೆ ದಾಟಿಸುವ ಬದಲು ಪಕ್ಷಗಳನ್ನು ಬೇರೆಬೇರೆ ಗುಂಪುಗಳಾಗಿ ತಮ್ಮ ಮೇಜಿಗೇ ಕರೆಸಿಕೊಂಡರು. ಈ ಪಕ್ಷಗಳು ಒಟ್ಟಾದರೆ ಆಗುತ್ತದೆಯೇ? ಆ ಪಕ್ಷಗಳು ಒಟ್ಟಾದರೆ? ಕಾಗದದ ಮೇಲೆ ಸಾಧ್ಯವಿದ್ದ ಜೋಡಣೆಗಳನ್ನು ಒಂದೊಂದಾಗಿ ಕೇಳಿ, ಒಂದೊಂದಾಗಿ ಹೊಡೆದುಹಾಕಿದರು. ಯಾವುದೂ ಕೂಡಿಬರಲಿಲ್ಲ. ಆದರೂ ‘ಇದನ್ನು ಯಾರೂ ಕೇಳಿಯೇ ಇರಲಿಲ್ಲ’ ಎಂದು ಮುಂದೆ ಯಾರೂ ಹೇಳುವಂತಿರಲಿಲ್ಲ.

ತಿರುವು: ಸೋಲನ್ನು ದಾಖಲಿಸುವುದು

ನವೆಂಬರ್ ಮೊದಲಲ್ಲಿ ಅವರು ಪತ್ರಕರ್ತರ ಮುಂದೆ ಬಂದು ಮಾಡರೇಟ್ ನಾಯಕರ ಹೆಸರನ್ನು ಮತಕ್ಕೆ ಹಾಕುತ್ತೇನೆ ಎಂದರು. ಬೆಂಬಲ ಖಾತ್ರಿಯಾಗಿದೆ ಎಂದು ಅವರು ಹೇಳಲಿಲ್ಲ. ಸಂವಿಧಾನದ ಕಲಮಿನಲ್ಲಿ ಖಾತ್ರಿಯಾಗಿರಬೇಕು ಎಂಬ ಷರತ್ತೂ ಇಲ್ಲ. ಖಾತ್ರಿ ಎಂಬುದು ರೂಢಿಯಷ್ಟೇ ಆಗಿತ್ತು. ಕಲಮು ಯಾವುದು, ರೂಢಿ ಯಾವುದು ಎಂದು ಬೇರ್ಪಡಿಸಿ ನೋಡುವ ಕಣ್ಣು ಅವರಿಗೆ ಓದಿನಿಂದ ಬಂದಿತ್ತು.

ಇದು ದುಬಾರಿ ತೀರ್ಮಾನ. ನಾಲ್ಕು ಅವಕಾಶಗಳಲ್ಲಿ ಒಂದು ಖರ್ಚಾಗುತ್ತದೆ. ತಾವು ಹನ್ನೆರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಪಕ್ಷದ ನಾಯಕರು ಇಡೀ ದೇಶದ ಎದುರು ಸೋಲುತ್ತಾರೆ, ಆ ಸೋಲನ್ನು ಘೋಷಿಸಬೇಕಾದವರೂ ತಾವೇ. ಹಾಗಿದ್ದೂ ಮಾಡಿದರು. ಫಲಿತಾಂಶದಲ್ಲಿ ಮಾಡರೇಟ್, ಕ್ರಿಶ್ಚಿಯನ್ ಡೆಮಾಕ್ರಟ್ ಮತ್ತು ಸ್ವೀಡನ್ ಡೆಮಾಕ್ರಟ್ ಪಕ್ಷಗಳ ಒಟ್ಟು 154 ಸದಸ್ಯರು ಒಂದು ಕಡೆ ಬಂದರು. ಸೆಂಟರ್ ಮತ್ತು ಲಿಬರಲ್ ಪಕ್ಷಗಳು ಎಡ ಒಲವಿನವರ ಜೊತೆ ಸೇರಿ ‘ಬೇಡ’ ಎಂದವು.

ಆ ದಿನ ಏನು ಬದಲಾಯಿತು ಎಂದು ಕೇಳಿದರೆ, ಸರ್ಕಾರದ ಮಟ್ಟಿಗೆ ಏನೂ ಇಲ್ಲ. ಆದರೆ ಹದಿನಾಲ್ಕು ವರ್ಷ ಒಟ್ಟಿಗಿದ್ದ ಮೈತ್ರಿಕೂಟ ಎರಡಾದದ್ದು ಸಂಸತ್ತಿನ ದಾಖಲೆಯಲ್ಲಿ ಬರೆದುಹೋಯಿತು. ಸೆಂಟರ್ ಮತ್ತು ಲಿಬರಲ್ ಪಕ್ಷಗಳು ಕೊಟ್ಟಿದ್ದ ಎರಡು ಮಾತುಗಳಲ್ಲಿ ಯಾವುದು ಅವರಿಗೆ ಹೆಚ್ಚು ಮುಖ್ಯ ಎಂಬುದು ಮೊದಲ ಬಾರಿಗೆ ಮತವಾಗಿ ಹೊರಬಂತು. ಮಾತುಕತೆಯ ಕೋಣೆಯಲ್ಲಿ ಎರಡು ತಿಂಗಳು ಹೇಳಲಾಗದ ಉತ್ತರವನ್ನು ಮತದಾನದ ಗುಂಡಿ ಒಂದೇ ಕ್ಷಣದಲ್ಲಿ ಹೇಳಿತು. ಈ ಕಾರಣಕ್ಕೆ ನಾನು ನವೆಂಬರ್ 14ನ್ನು ಸೋಲಿನ ದಿನ ಎನ್ನುವುದಿಲ್ಲ. ಸಭಾಧ್ಯಕ್ಷರು ಒಂದು ಅವಕಾಶ ಕೊಟ್ಟು ಒಂದು ಸತ್ಯವನ್ನು ಕೊಂಡುಕೊಂಡ ದಿನ ಅದು.

ಮರುದಿನವೇ ಸೆಂಟರ್ ನಾಯಕಿಗೆ ಹೊಣೆ ಹೋಯಿತು, ಒಂದೇ ವಾರದ ಗಡುವಿನೊಂದಿಗೆ. ‘ಇಬ್ಬರನ್ನೂ ಬೇಡ ಎಂದಿರಿ, ಹಾಗಾದರೆ ನೀವೇ ನೋಡಿ’ ಎಂಬ ಅರ್ಥ ಅದರಲ್ಲಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ನವೆಂಬರ್ 22ರಂದು ಅವರೂ ಕೈಚೆಲ್ಲಿದರು. ಅಲ್ಲಿಗೆ ಮೂರು ನಾಯಕರು ಪ್ರಯತ್ನಿಸಿ ನೋಡಿದಂತಾಯಿತು.

ಆಮೇಲೆ ಹಂಗಾಮಿ ಪ್ರಧಾನಿಯ ಹೆಸರು. ಸೆಂಟರ್ ಪಕ್ಷದೊಂದಿಗೆ ಅವರ ಮಾತುಕತೆ ಡಿಸೆಂಬರಿನಲ್ಲಿ ಮುರಿದುಬಿತ್ತು. ಡಿಸೆಂಬರ್ 14ರಂದು ಮತ ನಡೆದಾಗ ಪರವಾಗಿ 116, ವಿರುದ್ಧ 200. ಎಡಪಕ್ಷದ 28 ಮಂದಿ ತಟಸ್ಥರಾಗಿ ಉಳಿದರು. ಎರಡನೆಯ ಅವಕಾಶವೂ ಹೋಯಿತು.

ಈ ನಡುವೆ ವಿಳಂಬಕ್ಕೆ ತೆರಬೇಕಾದ ಬೆಲೆಯೂ ಕಂಡಿತು. ಹಂಗಾಮಿ ಸರ್ಕಾರ ವಿವಾದವಿಲ್ಲದ, ಹಳೆಯದನ್ನೇ ಮುಂದುವರಿಸುವ ಬಜೆಟ್ ಮಂಡಿಸಿತ್ತು. ಡಿಸೆಂಬರ್ 12ರಂದು ಸದನ ಅದನ್ನು ಬದಿಗಿಟ್ಟು ಮಾಡರೇಟ್ ಮತ್ತು ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷಗಳ ಬಜೆಟ್ಟನ್ನು ಸ್ವೀಡನ್ ಡೆಮಾಕ್ರಟರ ಮತದಿಂದ ಅಂಗೀಕರಿಸಿತು. ಮುಂದೆ ಯಾರೇ ಪ್ರಧಾನಿಯಾದರೂ 2019ರಲ್ಲಿ ಆ ಬಜೆಟ್ಟಿನಿಂದಲೇ ಆಡಳಿತ ಶುರುಮಾಡಬೇಕಿತ್ತು. ತಾಳ್ಮೆಯನ್ನು ಹೊಗಳುವವರು ಈ ಸಾಲನ್ನೂ ಓದಬೇಕು. ಸರ್ಕಾರ ಇಲ್ಲದ ಕಾಲದಲ್ಲಿ ದೇಶ ಸುಮ್ಮನೆ ನಿಂತಿರುವುದಿಲ್ಲ, ಯಾರೋ ಒಬ್ಬರ ತೀರ್ಮಾನದಂತೆ ನಡೆಯುತ್ತಲೇ ಇರುತ್ತದೆ.

ಕ್ಯಾಲೆಂಡರ್

ಎರಡು ಅವಕಾಶ ಕಳೆದು ಎರಡು ಉಳಿದಾಗ ಸಭಾಧ್ಯಕ್ಷರು ತಮ್ಮ ಅತಿ ಮುಖ್ಯ ತೀರ್ಮಾನ ತೆಗೆದುಕೊಂಡರು. ಮೂರನೆಯ ಮತದಾನ ಜನವರಿ 16ರಂದು. ಅದು ಬಿದ್ದರೆ ನಾಲ್ಕನೆಯದು 23ರಂದು. ಅದೂ ಬಿದ್ದರೆ ವಿಶೇಷ ಚುನಾವಣೆ ಏಪ್ರಿಲ್ 7ಕ್ಕೆ. ಎಲ್ಲ ದಿನಾಂಕಗಳನ್ನೂ ಒಟ್ಟಿಗೆ, ಎಲ್ಲರ ಎದುರು ಹೇಳಿಬಿಟ್ಟರು.

ಈ ಪ್ರಕಟಣೆಯಲ್ಲಿ ಬೆದರಿಕೆಯ ಒಂದು ಮಾತೂ ಇಲ್ಲ. ಇದ್ದದ್ದು ಬರಿಯ ಪಂಚಾಂಗ. ಆದರೆ ಅದು ಎಲ್ಲ ಪಕ್ಷಗಳ ಲೆಕ್ಕವನ್ನೂ ಬದಲಿಸಿತು. ಅಲ್ಲಿಯವರೆಗೆ ‘ಒಪ್ಪದಿದ್ದರೆ ಏನಾಗುತ್ತದೆ?’ ಎಂಬ ಪ್ರಶ್ನೆಗೆ ‘ಇನ್ನೊಂದು ಸುತ್ತು ಮಾತು’ ಎಂಬ ಉತ್ತರ ಇತ್ತು. ಈಗ ಆ ಪ್ರಶ್ನೆಗೆ ಒಂದು ಭಾನುವಾರ ಉತ್ತರವಾಯಿತು. ಸೆಪ್ಟೆಂಬರಿನಲ್ಲಷ್ಟೇ ಮತ ಹಾಕಿದ ಜನರ ಬಳಿಗೆ ಏಪ್ರಿಲ್‌ನಲ್ಲಿ ಮತ್ತೆ ಹೋಗಿ ‘ನಮ್ಮಿಂದ ಆಗಲಿಲ್ಲ’ ಎಂದು ಹೇಳಬೇಕು. ಗೆದ್ದರೂ ಪೂರ್ಣ ಅವಧಿ ಇಲ್ಲ. ಸಣ್ಣ ಪಕ್ಷಗಳಿಗೆ ಸಂಸತ್ತು ಸೇರಲು ಬೇಕಾದ ಶೇಕಡಾ 4ರ ಗಡಿಯ ಭಯ ಬೇರೆ.

ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆ ಕಳೆಯಿತು. ಜನವರಿ 11ರಂದು ಸೋಷಿಯಲ್ ಡೆಮಾಕ್ರಟ್, ಗ್ರೀನ್, ಸೆಂಟರ್ ಮತ್ತು ಲಿಬರಲ್ ಪಕ್ಷಗಳ ನಡುವೆ 73 ಅಂಶಗಳ ಒಪ್ಪಂದ ಹೊರಬಿತ್ತು. ಸೋಷಿಯಲ್ ಡೆಮಾಕ್ರಟರು ತೆರಿಗೆ, ಕಾರ್ಮಿಕ ಕಾನೂನು, ಮನೆ ಬಾಡಿಗೆ ಮೊದಲಾದ ವಿಷಯಗಳಲ್ಲಿ ಬಲಕ್ಕೆ ಸರಿದಿದ್ದರು. ಪ್ರತಿಯಾಗಿ ಮಧ್ಯದ ಎರಡು ಪಕ್ಷಗಳು ತಟಸ್ಥವಾಗಿ ಉಳಿಯಲು ಒಪ್ಪಿದವು.

ಆದರೆ ಎಡಪಕ್ಷ ಕೆರಳಿತು. ಒಪ್ಪಂದದಲ್ಲಿ ಅವರಿಗೆ ಯಾವ ಪ್ರಭಾವವೂ ಇರಬಾರದು ಎಂದು ಬರೆಯಲಾಗಿತ್ತು, ಹಾಗಿದ್ದೂ ಅವರ 28 ಮತ ವಿರುದ್ಧವಾಗಿ ಬಿದ್ದರೆ ಎಲ್ಲ ಕುಸಿಯುತ್ತಿತ್ತು. ಇಲ್ಲಿ ಸಭಾಧ್ಯಕ್ಷರು ಮಾಡಿದ ಒಂದು ಸಣ್ಣ ಕೆಲಸವನ್ನು ಹಲವರು ಗಮನಿಸುವುದಿಲ್ಲ. 16ರ ಮತದಾನವನ್ನು ಅವರು 18ಕ್ಕೆ ಮುಂದೂಡಿದರು. ಎರಡೇ ದಿನ. ಅಕ್ಟೋಬರಿನಲ್ಲಿ ಹನ್ನೆರಡು ದಿನ, ಹದಿನಾಲ್ಕು ದಿನ ಕೊಟ್ಟವರು ಈಗ ಎರಡು ದಿನ ಕೊಟ್ಟರು. ಒಂದು ಮಾತುಕತೆ ನಿಜವಾಗಿಯೂ ನಡೆಯುತ್ತಿದೆ, ಅದಕ್ಕೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಕೊಟ್ಟರೆ ಕ್ಯಾಲೆಂಡರಿನ ಮೇಲಿನ ನಂಬಿಕೆಯೇ ಹೋಗುತ್ತದೆ ಎಂಬ ಅಂದಾಜು ಅದು. ಆ ಎರಡು ದಿನಗಳಲ್ಲಿ ಎಡಪಕ್ಷ ತನ್ನ ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಿಕೊಂಡಿತು. ಕಾರ್ಮಿಕ ಕಾನೂನು ಮತ್ತು ಹೊಸ ಮನೆಗಳ ಬಾಡಿಗೆಯ ವಿಷಯದಲ್ಲಿ ಗೆರೆ ದಾಟಿದರೆ ಅವಿಶ್ವಾಸ ನಿರ್ಣಯಕ್ಕೆ ಕೈಹಾಕುತ್ತೇವೆ ಎಂದು ಹೇಳಿ, ತಟಸ್ಥವಾಗಿರಲು ಒಪ್ಪಿತು.

2019ರ ಜನವರಿ 18: ಪರ 115, ವಿರುದ್ಧ 153, ತಟಸ್ಥ 77. ವಿರುದ್ಧದ ಸಂಖ್ಯೆ 175 ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ಇಳಿದವರೇ ಮತ್ತೆ ಪ್ರಧಾನಿ. 21ರಂದು ಹೊಸ ಸರ್ಕಾರ ಅಧಿಕಾರ ವಹಿಸಿಕೊಂಡಾಗ ಚುನಾವಣೆ ಮುಗಿದು 134 ದಿನಗಳಾಗಿದ್ದವು. ಸ್ವೀಡನ್ನಿನ ಇತಿಹಾಸದಲ್ಲಿ ಅಷ್ಟು ದೀರ್ಘವಾದ ಸರ್ಕಾರ ರಚನೆ ಬೇರೊಂದಿಲ್ಲ.

ಈ ಪ್ರಕರಣದಿಂದ ನಾನು ಎತ್ತಿಕೊಳ್ಳುವುದು

ನಿಷ್ಪಕ್ಷಪಾತ ಎಂದರೆ ಅಭಿಪ್ರಾಯ ಇಲ್ಲದಿರುವುದು ಎಂದು ನಾವು ಅಂದುಕೊಳ್ಳುತ್ತೇವೆ. ಈ ಸಭಾಧ್ಯಕ್ಷರಿಗೆ ಅಭಿಪ್ರಾಯ ಇತ್ತು, ಪಕ್ಷವೂ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಎದುರಾಳಿಗಳು ಅವರನ್ನು ನಂಬಿದ್ದು ಪ್ರತಿ ಹೆಜ್ಜೆ ಇಡುವ ಮೊದಲೇ ಪತ್ರಕರ್ತರ ಮುಂದೆ ನಿಂತು ಇದನ್ನು ಮಾಡುತ್ತೇನೆ, ಈ ಕಾರಣಕ್ಕೆ ಮಾಡುತ್ತೇನೆ, ಆಮೇಲೆ ಇದು ಬರುತ್ತದೆ ಎಂದು ಅವರು ಹೇಳಿದ್ದರಿಂದ. ಹೇಳಿದ್ದನ್ನೇ ಮಾಡಿದರು. ಮೊದಲ ಸೋಲಿನ ಗಾಯ ತಮ್ಮವರಿಗೇ ಆದಾಗಲೂ ಮಾಡಿದರು. ಅದಾದ ಮೇಲೆ ಏಪ್ರಿಲ್ 7 ಎಂಬ ದಿನಾಂಕವನ್ನು ಯಾರೂ ಪೊಳ್ಳು ಎಂದುಕೊಳ್ಳಲಿಲ್ಲ. ನವೆಂಬರಿನ ಸೋಲು ಇಲ್ಲದಿದ್ದರೆ ಡಿಸೆಂಬರಿನ ಕ್ಯಾಲೆಂಡರಿಗೆ ಬೆಲೆ ಇರುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ಅವರಿಗೇ ಕೊಟ್ಟರೆ ತಪ್ಪಾಗುತ್ತದೆ. ಕೊಟ್ಟ ಮಾತು ಮುರಿಯುವ ನೋವನ್ನು ನುಂಗಿದವರು ಸೆಂಟರ್ ಮತ್ತು ಲಿಬರಲ್ ಪಕ್ಷದವರು. ಅವಮಾನ ನುಂಗಿದವರು ಎಡಪಕ್ಷದವರು. ಸರ್ಕಾರವಿಲ್ಲದ ನಾಲ್ಕು ತಿಂಗಳನ್ನು ದೇಶ ತಡೆದುಕೊಂಡದ್ದಕ್ಕೆ ಅಲ್ಲಿನ ಸರ್ಕಾರಿ ಸಂಸ್ಥೆಗಳು ಮಂತ್ರಿಗಳ ದಿನನಿತ್ಯದ ಅಪ್ಪಣೆಗೆ ಕಾಯದೆ ಕಾನೂನಿನಂತೆ ಸ್ವತಂತ್ರವಾಗಿ ನಡೆಯುವುದೂ ಕಾರಣ. ಇಂತಹ ಆಡಳಿತವಿಲ್ಲದ ಕಡೆ 134 ದಿನ ಕಾಯುವುದು ಅಪಾಯ.

ಆ ಕ್ಯಾಲೆಂಡರನ್ನು ಅಕ್ಟೋಬರಿನಲ್ಲಿಯೇ ಪ್ರಕಟಿಸಬಹುದಿತ್ತೇ? ನಾನು ಇದನ್ನು ಹಲವು ಸಲ ಯೋಚಿಸಿದ್ದೇನೆ. ಪ್ರಕಟಿಸಿದ್ದರೆ ಡಿಸೆಂಬರಿನ ಬಜೆಟ್ ಗೊಂದಲ ತಪ್ಪುತ್ತಿತ್ತೇನೋ. ಆದರೆ ಅಕ್ಟೋಬರಿನಲ್ಲಿ ಇನ್ನೂ ಯಾರೂ ಸೋತಿರಲಿಲ್ಲ, ಪ್ರತಿಯೊಬ್ಬರಿಗೂ ತಾವೇ ಗೆಲ್ಲುತ್ತೇವೆ ಎಂಬ ಆಸೆ ಇತ್ತು. ಆಸೆ ಇದ್ದವರ ಮುಂದೆ ಗಡುವು ಇಟ್ಟರೆ ಅವರು ಇನ್ನಷ್ಟು ಬಿಗಿಯಾಗುತ್ತಾರೆ. ಈ ವಾದವನ್ನು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಎರಡು ವಾರದ ಬದಲು ಒಂದು ವಾರದ ಗಡುವು ಮೊದಲಿನಿಂದಲೇ ಇಡಬಹುದಿತ್ತು ಎಂಬಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಏಕೆಂದರೆ ಮುಂದೆ ಅವರೇ ಹಾಗೆ ಮಾಡಿದರು.

ಎರಡನೆಯ ಪರೀಕ್ಷೆ, ಮೂರನೆಯದು

ಎಡಪಕ್ಷ 2019ರ ಜನವರಿಯಲ್ಲಿ ಕೊಟ್ಟ ಎಚ್ಚರಿಕೆ ಸುಳ್ಳಾಗಲಿಲ್ಲ. ಹೊಸ ಮನೆಗಳ ಬಾಡಿಗೆಯನ್ನು ಮಾರುಕಟ್ಟೆಗೆ ಬಿಡುವ ವಿಷಯ ಎದ್ದಾಗ ಅವರು ಬೆಂಬಲ ಹಿಂತೆಗೆದರು. 2021ರ ಜೂನ್ 21ರಂದು 181 ಮತಗಳಿಂದ ಅವಿಶ್ವಾಸ ನಿರ್ಣಯ ಗೆದ್ದಿತು. ಸ್ವೀಡನ್ನಿನ ಪ್ರಧಾನಿಯೊಬ್ಬರು ಹೀಗೆ ಸೋತದ್ದು ಅದೇ ಮೊದಲು. ಜೂನ್ 28ರಂದು ಅವರು ರಾಜೀನಾಮೆ ಕೊಟ್ಟರು. ಸಭಾಧ್ಯಕ್ಷರು ಮರುದಿನವೇ ಮಾಡರೇಟ್ ನಾಯಕರಿಗೆ ಹೊಣೆ ಕೊಟ್ಟರು, ಈ ಸಲ ವಾರಗಳ ಮಾತೇ ಇಲ್ಲ. ಜುಲೈ 1ಕ್ಕೆ ಅವರು ಆಗದು ಎಂದರು. ಜುಲೈ 7ರಂದು ಮತದಾನ: ಪರ 116, ವಿರುದ್ಧ 173. ಎರಡು ಮತಗಳ ಅಂತರದಿಂದ ಹಳೆಯ ಪ್ರಧಾನಿಯೇ ಮರಳಿದರು. ರಾಜೀನಾಮೆಯಿಂದ ಮರುಆಯ್ಕೆಗೆ ಒಂಬತ್ತು ದಿನ.

ಅದೇ ವರ್ಷ ನವೆಂಬರ್ 24ರಂದು ಮೊದಲ ಮಹಿಳಾ ಪ್ರಧಾನಿಯ ಆಯ್ಕೆಯಾಯಿತು. ವಿರುದ್ಧ 174 ಮತ, ಅಂದರೆ ಒಂದೇ ಒಂದು ಮತದಿಂದ ಪಾರು. ಅಂದೇ ಸದನ ವಿರೋಧಪಕ್ಷಗಳ ಬಜೆಟ್ ಅಂಗೀಕರಿಸಿತು. ಗ್ರೀನ್ ಪಕ್ಷ ಸರ್ಕಾರದಿಂದ ಹೊರನಡೆಯಿತು. ಮೈತ್ರಿಯ ಪಕ್ಷ ಹೊರಹೋದರೆ ರಾಜೀನಾಮೆ ಕೊಡುವ ರೂಢಿಯಂತೆ ಅವರು ಕೆಲವೇ ಗಂಟೆಗಳಲ್ಲಿ ಹುದ್ದೆ ಬಿಟ್ಟರು. ಸಭಾಧ್ಯಕ್ಷರು ಇಂತಹ ಘಟನೆ ಜನರ ನಂಬಿಕೆಯನ್ನು ಹಾಳುಮಾಡುತ್ತದೆ ಎಂಬ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿದರು. ಅವರು ಹಾಗೆ ಹೇಳಬಾರದಿತ್ತು ಎನ್ನುವವರ ವಾದವೂ ನನಗೆ ಅರ್ಥವಾಗುತ್ತದೆ. ಆದರೆ ಅಸಮಾಧಾನ ಅವರ ಕೆಲಸವನ್ನು ತಡೆಯಲಿಲ್ಲ. ಪಕ್ಷಗಳೊಂದಿಗೆ ಮಾತನಾಡಿ ಅದೇ ಹೆಸರನ್ನು ಮತ್ತೆ ಸೂಚಿಸಿದರು. ನವೆಂಬರ್ 29ರಂದು, 101 ಮತ ಪರ ಮತ್ತು 173 ವಿರುದ್ಧ ಬಿದ್ದು, ಅವರು ಎರಡನೆಯ ಸಲ ಆಯ್ಕೆಯಾದರು. ಐದೇ ದಿನ.

2022ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಬಲಪಂಥೀಯ ಪಕ್ಷಗಳಿಗೆ 176, ಎದುರಿನವರಿಗೆ 173 ಸ್ಥಾನ ಬಂತು. ಬಲಪಂಥೀಯ ಗುಂಪಿನಲ್ಲಿ ಈಗ ಅತಿ ದೊಡ್ಡ ಪಕ್ಷವಾಗಿದ್ದ ಸ್ವೀಡನ್ ಡೆಮಾಕ್ರಟರು ಸಭಾಧ್ಯಕ್ಷ ಸ್ಥಾನದ ಮೇಲೆ ಕಣ್ಣಿಟ್ಟಿದ್ದರು. ಕೊನೆಗೆ ಅವರಿಗೆ ಒಂದು ಉಪಸಭಾಧ್ಯಕ್ಷ ಸ್ಥಾನ ಸಿಕ್ಕಿತು. ಹಿಂದಿನ ಸಲ ಎದುರಾಳಿಯನ್ನು ನಿಲ್ಲಿಸಿದ್ದ ಸೋಷಿಯಲ್ ಡೆಮಾಕ್ರಟರು ಈ ಸಲ ಹಾಲಿ ಸಭಾಧ್ಯಕ್ಷರನ್ನೇ ಬೆಂಬಲಿಸಿದರು. ಸೆಪ್ಟೆಂಬರ್ 26ರಂದು, ಮತ ಎಣಿಸುವ ಅಗತ್ಯವೇ ಬೀಳದೆ, ನಮ್ಮ ಸಭಾಧ್ಯಕ್ಷರು ಎರಡನೆಯ ಅವಧಿಗೆ ಅದೇ ಕುರ್ಚಿಗೆ ಬಂದರು.

ಅಕ್ಟೋಬರ್ 17ರಂದು ಅವರು ಮತ್ತೆ ಒಂದು ಹೆಸರನ್ನು ಮತಕ್ಕೆ ಹಾಕಿದರು. ನಾಲ್ಕು ವರ್ಷಗಳ ಹಿಂದೆ ಇದೇ ಸದನದಲ್ಲಿ, ಇದೇ ಸಭಾಧ್ಯಕ್ಷರ ಕೈಯಲ್ಲಿ 195 ಮತಗಳಿಂದ ತಿರಸ್ಕೃತರಾಗಿದ್ದ ಆ ಮಾಡರೇಟ್ ನಾಯಕರ ಹೆಸರದು. ಪರ 176, ವಿರುದ್ಧ 173. ಸಭಾಧ್ಯಕ್ಷರು ಫಲಿತಾಂಶ ಓದಿದರು.